ಹೃದಯದ ಪಟ್ಟಿಯಲ್ಲಿ ನಮ್ಮ ಮನೆ ಯಾವುದು?

ವಿಶ್ವ ಆರೋಗ್ಯ ಸಂಸ್ಥೆಯ 2019ರ ಹೃದ್ರೋಗ ಅಪಾಯ ಪಟ್ಟಿಗಳನ್ನು ನೋಡಿದಾಗಲೆಲ್ಲ ನನಗೆ ಚೌಕಾಬಾರದ ಮನೆಗಳು ನೆನಪಾಗುತ್ತವೆ. ವಯಸ್ಸು, ಲಿಂಗ, ಧೂಮಪಾನ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್ ಹೇಳಿದರೆ ಸಾಕು, ಹಸಿರಿನಿಂದ ಕಡುಗೆಂಪಿನವರೆಗೆ ಯಾವುದೋ ಒಂದು ಮನೆ ಸಿಗುತ್ತದೆ. ಮುಂದಿನ ಹತ್ತು ವರ್ಷಗಳಲ್ಲಿ ಹೃದಯಾಘಾತ ಅಥವಾ ಪಾರ್ಶ್ವವಾಯು ಆಗುವ ಸಾಧ್ಯತೆ ಶೇಕಡಾ ಎಷ್ಟೆಂದು ಆ ಬಣ್ಣ ಹೇಳುತ್ತದೆ. ಔಷಧಿ ಮೊದಲು ಯಾರಿಗೆ ಬೇಕೆಂದು ತೀರ್ಮಾನಿಸಲು ಇದು ಒಳ್ಳೆಯ ಉಪಾಯವೇ. ರಕ್ತಪರೀಕ್ಷೆಯ ಅನುಕೂಲವಿಲ್ಲದ ಕಡೆಗೆಂದು ಇನ್ನೊಂದು ಸರಳ ಪಟ್ಟಿಯೂ ಇದೆ.

ನನ್ನ ತಕರಾರು ಇರುವುದು ನಮ್ಮಂಥವರ ವಿಷಯದಲ್ಲಿ. ಜಗತ್ತನ್ನು 21 ಪ್ರದೇಶಗಳಾಗಿ ಹಂಚಿ, ಅಲ್ಲಲ್ಲಿನ ರೋಗದ ಪ್ರಮಾಣಕ್ಕೆ ಹೊಂದಿಸಿ ಪಟ್ಟಿ ಮಾಡಿದ್ದಾರೆ. ಭಾರತ ದಕ್ಷಿಣ ಏಷ್ಯಾದ ಹಾಳೆಯಲ್ಲಿದೆ, ಕುವೈತ್ ಉತ್ತರ ಆಫ್ರಿಕಾ ಮತ್ತು ಮಧ್ಯಪ್ರಾಚ್ಯದ ಹಾಳೆಯಲ್ಲಿ. ಉಡುಪಿಯಲ್ಲಿ ಹುಟ್ಟಿ ಇಪ್ಪತ್ತು ವರ್ಷ ಅಬ್ಬಾಸಿಯಾದಲ್ಲಿ ದುಡಿದವರು ಯಾವ ಹಾಳೆ ತೆರೆಯಬೇಕು? ಪಟ್ಟಿಗೆ ದೇಶ ಗೊತ್ತು, ವಲಸೆ ಗೊತ್ತಿಲ್ಲ.

ಇನ್ನೊಂದು, ಪಟ್ಟಿ ಶುರುವಾಗುವುದೇ 40ನೇ ವಯಸ್ಸಿಗೆ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತವಾದ ಸರಾಸರಿ ವಯಸ್ಸು 53. ಉಳಿದವರಿಗೆ ಸುಮಾರು 59. ಲೆಕ್ಕದಲ್ಲಿ ವಯಸ್ಸಿನ ಪಾಲೇ ದೊಡ್ಡದಾದ್ದರಿಂದ, ಸಿಗರೇಟು ಸೇದುವ ನಲವತ್ತೆರಡರ ಗೃಹಸ್ಥರು ಹಸಿರು ಮನೆಯಲ್ಲಿ ನಿಶ್ಚಿಂತೆಯಿಂದ ಕೂತಿರಬಹುದು. ಅವರ ತಂದೆ ಐವತ್ತು ದಾಟದೆ ಹೃದಯಾಘಾತದಿಂದ ತೀರಿಕೊಂಡಿದ್ದರೆ ಅದಕ್ಕೆ ಪಟ್ಟಿಯಲ್ಲಿ ಜಾಗವೇ ಇಲ್ಲ.

ಸರಳ ಪಟ್ಟಿಯ ಕತೆ ಇನ್ನೂ ವಿಚಿತ್ರ. ಅದು ಸಕ್ಕರೆ ಕಾಯಿಲೆಯನ್ನೇ ಕೇಳುವುದಿಲ್ಲ. ಬದಲಿಗೆ ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ, ಅಂದರೆ ಬಿಎಂಐ ಕೇಳುತ್ತದೆ. 20ರಿಂದ 24ರವರೆಗೆ ಒಂದೇ ಮನೆ. ಭಾರತೀಯರಿಗೆ 23ಕ್ಕೇ ತೂಕ ಹೆಚ್ಚಾಯಿತೆಂದು ನಮ್ಮ ದೇಶದ ತಜ್ಞರು 2009ರಲ್ಲಿ ಒಮ್ಮತಕ್ಕೆ ಬಂದಿದ್ದಾರೆ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ ಎಂಬ ನಮ್ಮ ಮೈಕಟ್ಟಿಗೆ (ಸಂಘದ ಗುಂಪು ಫೋಟೋಗಳೇ ಸಾಕ್ಷಿ) ತಕ್ಕಡಿಗಿಂತ ಟೇಪು ಮೇಲು: ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಮೀರಬಾರದು.

ಇದೆಲ್ಲ ಸೇರಿಸಲು ಆಗದ ಕೆಲಸವೇನಲ್ಲ. ಬ್ರಿಟನ್ನಿನ ಕ್ಯೂರಿಸ್ಕ್ ಲೆಕ್ಕ ಭಾರತೀಯರೇ ಎಂದು ಕೇಳುತ್ತದೆ, ಮನೆತನದ ಹೃದ್ರೋಗವನ್ನೂ ಕೇಳುತ್ತದೆ. ಅಮೆರಿಕದ 2018ರ ಮಾರ್ಗಸೂಚಿ ದಕ್ಷಿಣ ಏಷ್ಯಾದ ಮೂಲವನ್ನೇ ಅಪಾಯ ಹೆಚ್ಚಿಸುವ ಅಂಶವೆಂದು ಎಣಿಸುತ್ತದೆ. ಕುವೈತಿಗೆ ಹೊಂದುವ ಅಂಥ ಲೆಕ್ಕ ಬರುವ ತನಕ, ತಂದೆಗೆ ಎಷ್ಟನೇ ವಯಸ್ಸಿನಲ್ಲಿ ಏನಾಯಿತು ಎಂಬುದನ್ನು ವೈದ್ಯರು ಕೇಳದಿದ್ದರೂ ನಾವೇ ಹೇಳಬೇಕು.