‘ಫೇರ್’ ಎಂಬ ಶಬ್ದ: ಅದರ ಅರ್ಥಗಳೂ ನಮ್ಮ ಅನುವಾದಗಳೂ

ಇಂಗ್ಲಿಷಿನ ಕಠಿನ ಶಬ್ದಗಳಿಂದ ವಿದ್ಯಾರ್ಥಿಗೆ ಆಗುವ ತೊಂದರೆ ಅಲ್ಪ. ಸುಲಭ ಶಬ್ದಗಳಿಂದ ಆಗುವುದೇ ಅಧಿಕ. ಕಠಿನ ಶಬ್ದ ಎದುರಾದರೆ ಅವನು ನಿಘಂಟನ್ನು ತೆರೆಯುತ್ತಾನೆ. ಸುಲಭ ಶಬ್ದ ಬಂದರೆ ತನಗೆ ತಿಳಿದದ್ದೇ ಎಂದು ಮುಂದೆ ಸಾಗುತ್ತಾನೆ. ಅಂಥ ಶಬ್ದಗಳಲ್ಲಿ ‘ಫೇರ್’ ಒಂದು. ‘ಫೇರ್ ಎಂದರೆ ಸುಂದರ, ಬೆಳ್ಳಗಿನ’ ಎಂದು ಫಲಕದ ಮೇಲೆ ಬರೆದು ನಾವು ಪಾಠವನ್ನು ಮುಂದುವರಿಸುತ್ತೇವೆ. ಆ ಒಂದು ಅಲ್ಪವಿರಾಮದಲ್ಲಿ ನಾವು ಏನನ್ನು ಕಲಿಸಿದೆವು ಎಂಬುದನ್ನು ಉಪಾಧ್ಯಾಯ ಬಂಧುಗಳು ಸ್ವಲ್ಪ ವಿಚಾರಿಸಬೇಕೆಂದು ಈ ಲೇಖನ.

ಹಳೆಯ ಇಂಗ್ಲಿಷಿನಲ್ಲಿ ಈ ಶಬ್ದಕ್ಕೆ ಇದ್ದ ಅರ್ಥ ‘ನೋಡಲು ಹಿತವಾದ, ಚೆಲುವಾದ’ ಎಂದು. ಅಲ್ಲಿ ಬಣ್ಣದ ಮಾತೇ ಇಲ್ಲ. ಕಣ್ಣಿಗೆ ಹಿತವಾದದ್ದು ಕಲೆಯಿಲ್ಲದ್ದೂ ಹೌದು. ಆದ್ದರಿಂದ ‘ಫೇರ್ ಕಾಪಿ’. ಮೋಡವಿಲ್ಲದ ಆಕಾಶ ‘ಫೇರ್’. ಹಡಗಿಗೆ ಅನುಕೂಲವಾದ ಗಾಳಿ ‘ಫೇರ್’. ಕಲೆಯಿಲ್ಲದ ನಡತೆ, ಪಕ್ಷಪಾತವಿಲ್ಲದ ತೀರ್ಪು, ಮೋಸವಿಲ್ಲದ ಆಟ, ಇವೆಲ್ಲವೂ ಅದೇ ಬಳ್ಳಿಯಲ್ಲಿ ಬಿಟ್ಟ ಕಾಯಿಗಳು. ಮೈಬಣ್ಣಕ್ಕೂ ಕೂದಲಿಗೂ ಸಂಬಂಧಿಸಿದ ‘ಬಿಳುಪು’ ಎಂಬ ಅರ್ಥ ಕಾಣಿಸಿಕೊಳ್ಳುವುದು ಆಮೇಲೆ. ‘ಸಾಧಾರಣ ಉತ್ತಮ’ ಎಂಬುದು ಇನ್ನೂ ಈಚಿನದು.

ಇಷ್ಟು ಅರ್ಥಗಳನ್ನು ಮಕ್ಕಳ ತಲೆಯಲ್ಲಿ ಹೇಗೆ ನಿಲ್ಲಿಸುವುದು? ಪರ್ಯಾಯಪದಗಳ ಪಟ್ಟಿಗಿಂತ ವಿರುದ್ಧಪದಗಳು ಇಲ್ಲಿ ಹೆಚ್ಚು ಉಪಕಾರಿಗಳೆಂದು ನನ್ನ ಅನುಭವ. ಫೇರ್ ಕಾಪಿಗೆ ಎದುರು ‘ರಫ್’, ನಮ್ಮ ಕರಡು. ಆಟದಲ್ಲಿ ಎದುರು ‘ಫೌಲ್’. ಇದನ್ನು ಕಬಡ್ಡಿ ಆಡುವ ಹುಡುಗನಿಗೆ ಯಾರೂ ಕಲಿಸಬೇಕಾಗಿಲ್ಲ. ತೀರ್ಪಿನಲ್ಲಿ ಎದುರು ‘ಅನ್‌ಫೇರ್’. ಮೈಬಣ್ಣದಲ್ಲಿ ಎದುರು ‘ಡಾರ್ಕ್’. ಎದುರಾಳಿ ಬದಲಾದಂತೆ ಶಬ್ದವೂ ಬೇರೆಯಾಗುತ್ತದೆ ಎಂಬುದು ಹುಡುಗರಿಗೆ ಒಡನೆ ಹೊಳೆಯುತ್ತದೆ. ಅಷ್ಟೇ ಅಲ್ಲ, ಕಪ್ಪು ಮೈ ‘ಫೌಲ್’ ಅಲ್ಲ ಎಂಬುದೂ ಹೊಳೆಯುತ್ತದೆ.

ಈ ಕೊನೆಯ ಮಾತನ್ನು ನಾನು ವಿನೋದಕ್ಕೆ ಹೇಳಲಿಲ್ಲ. ಒಂದೇ ಶಬ್ದ ಚೆಲುವನ್ನೂ ಬಿಳುಪನ್ನೂ ನ್ಯಾಯವನ್ನೂ ಹೊತ್ತುಕೊಂಡಾಗ ಈ ಮೂರೂ ಒಂದೇ ಎಂಬ ಭ್ರಮೆ ಹುಟ್ಟುವುದು ಸಹಜ. ಷೇಕ್ಸ್‌ಪಿಯರನು ಈ ಭ್ರಮೆಯನ್ನು ಚೆನ್ನಾಗಿ ಬಲ್ಲವನು. 1609ರಲ್ಲಿ ಅಚ್ಚಾದ ಅವನ ಸುನೀತಗಳಲ್ಲಿ ಕಪ್ಪು ಚೆಲುವೆಯನ್ನು ಕುರಿತ ಭಾಗ ಆರಂಭವಾಗುವುದೇ ಕಪ್ಪಿಗೂ ‘ಫೇರ್’ ಎಂಬ ಹೆಸರಿಗೂ ಇರುವ ಜಗಳದಿಂದ. ‘ಒಥೆಲೋ’ ನಾಟಕದ ಮೊದಲ ಅಂಕದಲ್ಲಿ ವೆನಿಸ್ಸಿನ ಡ್ಯೂಕನು ಒಥೆಲೋವಿನ ಮಾವನನ್ನು ಸಮಾಧಾನಪಡಿಸುತ್ತ, ಗುಣವನ್ನು ನೋಡಿದರೆ ನಿನ್ನ ಅಳಿಯ ಕಪ್ಪಿಗಿಂತ ಫೇರೇ ಹೆಚ್ಚು ಎಂಬ ಅರ್ಥದಲ್ಲಿ ಮಾತನಾಡುತ್ತಾನೆ. ಮೇಲ್ನೋಟಕ್ಕೆ ಇದು ಪ್ರಶಂಸೆ. ಆದರೆ ಕಪ್ಪು ಒಂದು ಕೊರತೆ ಎಂದು ಒಪ್ಪಿಕೊಂಡ ಬಳಿಕವೇ ಈ ಪ್ರಶಂಸೆ ನಿಲ್ಲುತ್ತದೆ. ಇದನ್ನು ಕನ್ನಡಕ್ಕೆ ತರುವಾಗ ‘ಗುಣವಂತ’ ಎಂದರೆ ಬಣ್ಣ ಹೋಯಿತು. ‘ಬಿಳಿಯ’ ಎಂದರೆ ಗುಣ ಹೋಯಿತು. ‘ಚೆಲುವ’ ಎಂದರೆ ಕುಟುಕು ಹೋಯಿತು. ‘ಮ್ಯಾಕ್‌ಬೆತ್’ ನಾಟಕದ ಮಾಟಗಾತಿಯರು ಫೇರ್–ಫೌಲ್‌ಗಳನ್ನು ಕಲಸುಮೇಲೋಗರ ಮಾಡುತ್ತಾರೆ; ಮ್ಯಾಕ್‌ಬೆತ್ ರಂಗಕ್ಕೆ ಬಂದು ಆಡುವ ಮೊದಲ ಮಾತಿನಲ್ಲೇ ಅವೆರಡು ಶಬ್ದಗಳೂ ಮರಳಿ ಕೇಳಿಸುತ್ತವೆ. ಅಲ್ಲಿ ಹವೆ, ಯುದ್ಧದ ಗೆಲವು, ಒಳ್ಳೆಯದು ಕೆಟ್ಟದ್ದು, ಎಲ್ಲವೂ ಒಟ್ಟಿಗೆ ಇವೆ. ‘ಸುಂದರ’ ಎಂಬ ಒಂದೇ ಅರ್ಥವನ್ನು ಹಿಡಿದ ವಿದ್ಯಾರ್ಥಿಗೆ ಈ ನಾಟಕದ ಬಾಗಿಲೇ ತೆರೆಯದು.

ಈ ಗೊಂದಲ ಪುಸ್ತಕದಲ್ಲಿ ಮಾತ್ರ ಉಳಿದಿಲ್ಲ. ನಮ್ಮ ದೇಶದಲ್ಲಿ 1975ರಿಂದ ‘ಫೇರ್ ಅಂಡ್ ಲವ್ಲಿ’ ಎಂಬ ಹೆಸರಿನಲ್ಲಿ ಮಾರಾಟವಾದ ಲೇಪದ ಹೆಸರಿನಿಂದ ಆ ಮೊದಲ ಶಬ್ದವನ್ನು 2020ರಲ್ಲಿ ತೆಗೆದುಹಾಕಿದರು. ಡಬ್ಬಿಯ ಮೇಲಿನ ಅಕ್ಷರ ಹೋದರೂ ವರಾನ್ವೇಷಣೆಯ ಜಾಹೀರಾತುಗಳಲ್ಲಿ ಅದರ ಕನ್ನಡ ರೂಪ ಇನ್ನೂ ಉಳಿದಿದೆ. ಜತ್ತ, ಅಕ್ಕಲಕೋಟೆಗಳ ಬಿಸಿಲಿನಲ್ಲಿ ಹೊಲದ ಹಾದಿ ತುಳಿದು ಶಾಲೆಗೆ ಬರುವ ಹುಡುಗಿಯರೆದುರಿಗೆ ‘ಸುಂದರ, ಬೆಳ್ಳಗಿನ’ ಎಂದು ಬರೆಯುವವರು ನಾವೇ.

ಕನ್ನಡದ ಸ್ವಂತ ಶಬ್ದಗಳು ಈ ವಿಷಯದಲ್ಲಿ ಉದಾರವಾಗಿವೆ. ಚೆಲುವು, ಅಂದ, ಸೊಗಸು ಇವುಗಳಲ್ಲಿ ಯಾವುದಕ್ಕೂ ಬಣ್ಣದ ಹಂಗಿಲ್ಲ. ಮೇಲುಕೋಟೆಯ ಚೆಲುವನಾರಾಯಣನನ್ನು ನೆನೆದರೆ ಸಾಕು. ಆದರೆ ‘ಕಪ್ಪಾದರೂ ಲಕ್ಷಣವಾಗಿದ್ದಾಳೆ’ ಎನ್ನುವ ನಮ್ಮ ಮನೆಮಾತಿನ ‘ಆದರೂ’ ಎಂಬ ಅವ್ಯಯ ಡ್ಯೂಕನ ಪ್ರಶಂಸೆಯ ಜಾತಿಯದೇ. ಶಬ್ದ ಉದಾರವಾಗಿದ್ದರೆ ಸಾಲದು. ‘ಫೇರ್’ ಶಬ್ದದ ಬಹ್ವರ್ಥಕ್ಕೆ ತೀರ ಸಮೀಪ ಬರುವ ಕನ್ನಡ ಶಬ್ದ ‘ಒಪ್ಪು’ ಎಂದು ನನಗೆ ತೋರುತ್ತದೆ. ಹಳಗನ್ನಡದಲ್ಲಿ ಒಪ್ಪುವುದೆಂದರೆ ಶೋಭಿಸುವುದು, ತಕ್ಕದ್ದಾಗಿರುವುದು, ಸಮ್ಮತಿಸುವುದು. ಚೆಲುವೂ ಯೋಗ್ಯತೆಯೂ ಅಲ್ಲಿ ಒಂದೇ ಗೂಡಿನಲ್ಲಿವೆ. ಬಿಳುಪು ಮಾತ್ರ ಇಲ್ಲ.

ಗಡಿಭಾಗದ ನಮಗೆ ಇನ್ನೊಂದು ಸೌಕರ್ಯವುಂಟು. ಸರಕಾರದ ‘ಫೇರ್ ಪ್ರೈಸ್ ಶಾಪ್’ ಎಂಬುದನ್ನು ನೆರೆಹೊರೆಯವರು ಹೇಗೆ ಅನುವಾದಿಸಿದ್ದಾರೆಂಬುದನ್ನು ಬಸ್ಸಿನಿಂದಲೇ ಓದಬಹುದು. ಕನ್ನಡದಲ್ಲಿ ‘ನ್ಯಾಯಬೆಲೆ ಅಂಗಡಿ’. ಹೊಸೂರು, ತಾಳವಾಡಿಗಳ ಕಡೆ ತಮಿಳಿನಲ್ಲಿ ‘ನಿಯಾಯ ವಿಲೈ ಕಡೈ’. ನಮ್ಮಲ್ಲಿ ಮರಾಠಿಯ ‘ರಾಸ್ತ ಭಾವ ದುಕಾನ’. ‘ರಾಸ್ತ’ ಪಾರಸಿಯ ಶಬ್ದ, ನೆಟ್ಟಗಿರುವುದು, ಸರಿಯಾದದ್ದು ಎಂದು ಅರ್ಥ. ಆದವಾನಿ, ರಾಯದುರ್ಗಗಳಲ್ಲಿ ತೆಲುಗಿನ ‘ಚೌಕ ಧರಲ ದುಕಾಣಂ’, ಅಂದರೆ ಅಗ್ಗದ ಬೆಲೆಯ ಅಂಗಡಿ. ಕಾಸರಗೋಡಿನವರು ಮಲೆಯಾಳದಲ್ಲಿ ‘ರೇಷನ್ ಕಡ’ ಎಂದು ಹೇಳಿ ಈ ತಂಟೆಯಿಂದಲೇ ಪಾರಾಗಿದ್ದಾರೆ. ಇವುಗಳಲ್ಲಿ ತೆಲುಗಿನದು ಗಿರಾಕಿಗೆ ಬಲು ಬೇಗ ತಿಳಿಯುತ್ತದೆ, ಆದರೂ ಅನುವಾದವಾಗಿ ಅದನ್ನು ನಾನು ಒಪ್ಪಲಾರೆ. ಅಗ್ಗವೇ ಬೇರೆ, ನ್ಯಾಯವೇ ಬೇರೆ. ರೈತನ ಜೋಳವನ್ನು ಅಗ್ಗವಾಗಿ ಕೊಂಡವನು ಅವನಿಗೆ ನ್ಯಾಯಬೆಲೆ ಕೊಟ್ಟನೆನ್ನಲು ಬಾರದು. ಮರಾಠಿಯ ‘ರಾಸ್ತ’ ನನಗೆ ಎಲ್ಲಕ್ಕಿಂತ ಮೆಚ್ಚುಗೆ. ‘ನ್ಯಾಯ’ವೆಂದೊಡನೆ ಕಚೇರಿ, ವಕೀಲರು ಕಣ್ಣಿಗೆ ಬರುತ್ತಾರೆ, ‘ರಾಸ್ತ’ ತಕ್ಕಡಿಯ ಮುಳ್ಳಿನಂತೆ ನೆಟ್ಟಗೆ ನಿಲ್ಲುತ್ತದೆ.

ಪರ್ಯಾಯಪದಗಳ ವಿಷಯ ಸಂಕ್ಷೇಪವಾಗಿ ಹೇಳುತ್ತೇನೆ. 1852ರ ರೋಜೆಟನ ಕೋಶ ಸಮೀಪದ ಶಬ್ದಗಳನ್ನು ಒಂದೆಡೆ ಕೂಡಿಸುತ್ತದೆ. ಅವುಗಳ ಭೇದವನ್ನು ಹೇಳುವುದು ಅದರ ಕೆಲಸವಲ್ಲ. ಭೇದವನ್ನು ಹೇಳಲು ಹೊರಟದ್ದು 1816ರ ಕ್ರ್ಯಾಬನ ಗ್ರಂಥ. ಉಪಾಧ್ಯಾಯನಿಗೆ ಬೇಕಾದದ್ದು ಎರಡನೆಯ ಬಗೆಯ ಕೆಲಸ. ಎಲ್ಲರ ಉತ್ತರಪತ್ರಿಕೆಯನ್ನೂ ಹೆಸರು ನೋಡದೆ ತಿದ್ದುವವನು ‘ಇಂಪಾರ್ಷಿಯಲ್’. ಕಣ್ಣು ಮಂದವಾದ ಹುಡುಗನಿಗೆ ಹೆಚ್ಚು ವೇಳೆ ಕೊಡುವುದು ‘ಇಕ್ವಿಟಬಲ್’. ಬರೆದದ್ದಕ್ಕೆ ಸಲ್ಲತಕ್ಕ ಅಂಕ ಸಂದರೆ ಅದು ‘ಜಸ್ಟ್’. ಕಲಿಸದೇ ಇದ್ದ ಪಾಠದ ಮೇಲೆ ಪ್ರಶ್ನೆ ಕೇಳಿದರೆ ಈ ಮೂರೂ ಕೆಡದೆ ಇರಬಹುದು. ಆದರೂ ಮಕ್ಕಳು ‘ಇದು ಫೇರ್ ಅಲ್ಲ’ ಎನ್ನುತ್ತಾರೆ, ಸರಿಯಾಗಿಯೇ ಎನ್ನುತ್ತಾರೆ. ಜರ್ಮನರು ಈ ಶಬ್ದಕ್ಕೆ ತಮ್ಮದೊಂದನ್ನು ಹುಡುಕದೆ ಅದನ್ನೇ ಎತ್ತಿಕೊಂಡದ್ದು ಸೋಮಾರಿತನವೆಂದು ನಾನು ಭಾವಿಸುವುದಿಲ್ಲ.

ಜಾತ್ರೆ ಎಂಬ ಅರ್ಥದ ‘ಫೇರ್’ ಬೇರೆಯೇ ಶಬ್ದ. ಅಕ್ಷರಗಳು ಮಾತ್ರ ಒಂದೇ. ಲ್ಯಾಟಿನ್ನಿನ ‘ಫೇರಿಯಾ’, ಅಂದರೆ ಹಬ್ಬದ ಬಿಡುವಿನ ದಿನ, ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಿತು. ನಮ್ಮ ‘ಯಾತ್ರೆ’ ಜಾತ್ರೆಯಾಗಿ, ದೇವರ ಸುತ್ತ ದನದ ಪೇಟೆ ನೆರೆದಂತೆಯೇ ಇದೂ. ಥ್ಯಾಕರೆ ತನ್ನ ಕಾದಂಬರಿ ‘ವ್ಯಾನಿಟಿ ಫೇರ್’ಗೆ ಹೆಸರನ್ನು ಪಡೆದದ್ದು 1678ರ ಬನ್ಯನ್ನನ ಗ್ರಂಥದಲ್ಲಿ ಬರುವ ಇಂಥದೊಂದು ಸಂತೆಯಿಂದ. ಅದನ್ನು ‘ಸುಂದರವಾದ ಜಂಬ’ ಎಂದು ಅನುವಾದಿಸಿದ ವಿದ್ಯಾರ್ಥಿಗೆ ನಾನು ಅರ್ಧ ಅಂಕ ಕೊಟ್ಟಿದ್ದೇನೆ; ಬೆಕಿ ಶಾರ್ಪಳನ್ನು ಬಲ್ಲವರು ಅದು ಹೆಚ್ಚೆನ್ನಲಾರರು.