ಗ್ಲ್ಯಾಡ್, ಸಾರಿ ಮತ್ತು ನಡುವಿನ ದಟ್

ಇಂಗ್ಲಿಷಿನ ಉದ್ದುದ್ದ ಪದಗಳಿಗೆ ಹೆದರುವವರು ಬಹಳ. ನನಗೆ ಅವುಗಳ ಭಯವಿಲ್ಲ. ಅರ್ಥ ತಿಳಿಯದಿದ್ದರೆ ನಿಘಂಟು ಇದೆಯಲ್ಲ! ನಾನು ಹುಷಾರಾಗಿರುವುದು ಪುಟ್ಟ ಪದಗಳ ವಿಷಯದಲ್ಲಿ. ಅವುಗಳಲ್ಲಿ 'ದಟ್' ಎಂಬುದೊಂದಿದೆ ನೋಡಿ, ಬಲು ಸಾಧುವಿನ ಹಾಗೆ ಕಾಣುತ್ತದೆ. 'ಗ್ಲ್ಯಾಡ್', 'ಸಾರಿ', 'ಶ್ಯೂರ್', 'ಸ್ಟ್ರೇಂಜ್' ಮುಂತಾದ ಗುಣವಾಚಕಗಳ ಬೆನ್ನಿಗೇ ಬಂದು, ಒಂದು ಇಡೀ ವಾಕ್ಯವನ್ನು ಗಂಟು ಕಟ್ಟಿ ತಂದು ನಮ್ಮ ಮುಂದಿಡುತ್ತದೆ. ನಾವು ಗುಣವಾಚಕದ ಮುಖ ನೋಡುತ್ತೇವೆ. ಗಂಟು ಬಿಚ್ಚಿ ನೋಡುವುದಿಲ್ಲ.

ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದ ಮೇಲೆ ಊರಿನ ಎಷ್ಟೋ ತಾಯಂದಿರು ತಾವೂ ಇಂಗ್ಲಿಷ್ ಕಲಿಯಲು ಹೊರಟಿದ್ದಾರೆ. ಒಗ್ಗರಣೆಯ ನಡುವೆ, ಬಟ್ಟೆ ಮಡಿಸುವ ನಡುವೆ ಗೈಡು ತೆರೆದು ಕೂರುವವರನ್ನು ಕಂಡರೆ ನನಗೆ ಗೌರವ. ಆದರೆ ಆ ಗೈಡುಗಳ ಮೇಲೆ ನನ್ನದೊಂದು ತಕರಾರಿದೆ. 'ಈ ಕೆಳಗಿನ ಗುಣವಾಚಕಗಳ ಮುಂದೆ ದಟ್ ಬರುತ್ತದೆ, ಬಾಯಿಪಾಠ ಮಾಡಿ' ಎಂದು ಒಂದು ಪಟ್ಟಿ ಕೊಟ್ಟು ಕೈತೊಳೆದುಕೊಳ್ಳುತ್ತವೆ. ಏಕೆ ಬರುತ್ತದೆ, ಬಂದರೆ ಏನಾಗುತ್ತದೆ ಎಂಬ ಮಾತೇ ಇಲ್ಲ.

ಇಂಥ ಪಟ್ಟಿಗಳಿಗೆ ದೊಡ್ಡ ಪರಂಪರೆಯೇ ಇದೆ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ ಕಲಿಯುವವರಿಗೆಂದೇ ಸಿದ್ಧಪಡಿಸಿದ ನಿಘಂಟು 1942ರಲ್ಲಿ ಟೋಕಿಯೋದಲ್ಲಿ ಹೊರಬಂತು. 1948ರಲ್ಲಿ ಆಕ್ಸ್‌ಫರ್ಡ್‌ನವರು ಅದನ್ನು ಪ್ರಕಟಿಸಿದರು. 1954ರಲ್ಲಿ ಅವರು ಇಂಗ್ಲಿಷ್ ವಾಕ್ಯಗಳ ಅಚ್ಚುಗಳನ್ನೇ ವಿಂಗಡಿಸಿ ಇನ್ನೊಂದು ಪುಸ್ತಕ ಬರೆದರು. ಯಾವ ಪದದ ಪಕ್ಕ ಯಾವುದು ಕೂರುತ್ತದೆ ಎಂದು ತೋರಿಸಿಕೊಟ್ಟ ಆ ದುಡಿಮೆ ಸಣ್ಣದಲ್ಲ. ನಮ್ಮ ಗೈಡುಗಳು ಅಚ್ಚನ್ನು ಮಾತ್ರ ಇಟ್ಟುಕೊಂಡು ಹಿಟ್ಟನ್ನು ಮರೆತವು.

ಹಿಟ್ಟಿನ ವಿಷಯ ಹೇಳುತ್ತೇನೆ. 'ಐ ಆಮ್ ಗ್ಲ್ಯಾಡ್ ದಟ್ ಯು ಕೇಮ್' ಎನ್ನಬಹುದು. 'ಐ ಆಮ್ ಹಂಗ್ರಿ ದಟ್' ಎಂದು ಯಾರೂ ಹೇಳುವುದಿಲ್ಲ. ಹಸಿವಿಗೆ ಹೊಟ್ಟೆ ಸಾಕು, ಸಂಗತಿ ಬೇಡ. ಸಂತೋಷಕ್ಕೆ ಒಂದು ಸಂಗತಿ ಬೇಕು. ಹೀಗೆ ಸಂಗತಿಯನ್ನು ಬೇಡುವ ಗುಣವಾಚಕಗಳನ್ನು ಎರಡು ಗುಂಪು ಮಾಡಿಕೊಳ್ಳಬಹುದು. ಮನುಷ್ಯರ ಮನಸ್ಸನ್ನು ಹೇಳುವವು ಒಂದು: ಗ್ಲ್ಯಾಡ್, ಸಾರಿ, ಪ್ರೌಡ್, ಅವೇರ್, ಶ್ಯೂರ್. ಸಂಗತಿಯ ಮೇಲೆ ತೀರ್ಪು ಕೊಡುವವು ಇನ್ನೊಂದು: ಸ್ಟ್ರೇಂಜ್, ನ್ಯಾಚುರಲ್, ಪಾಸಿಬಲ್. ಇವಕ್ಕೆ ಮುಂದೆ 'ಇಟ್ ಈಸ್' ಬೇಕು. 'ಸರ್ಟನ್' ಎಂಬುದು ಎರಡೂ ಮನೆಯ ನೆಂಟ. 'ಐ ಆಮ್ ಸರ್ಟನ್' ಎಂದರೆ ನನಗೆ ಖಾತ್ರಿ ಎಂದಷ್ಟೇ. 'ಇಟ್ ಈಸ್ ಸರ್ಟನ್' ಎಂದಾಗ ಹೇಳುವವರು ಮರೆಯಾಗುತ್ತಾರೆ, ಜಗತ್ತೇ ಒಪ್ಪಿದ ಹಾಗೆ ಕೇಳಿಸುತ್ತದೆ.

ದಿನಬಳಕೆಯಲ್ಲಿ ಈ 'ದಟ್' ಎಷ್ಟೋ ಸಲ ಕಾಣುವುದೂ ಇಲ್ಲ. 'ಐ ಆಮ್ ಶ್ಯೂರ್ ಹಿ ವಿಲ್ ಕಮ್' ಎಂದು ನುಂಗಿಬಿಡುತ್ತಾರೆ. 'ಐ ಆಮ್ ಅಫ್ರೇಡ್' ಎಂಬುದಂತೂ ಸೋಜಿಗ. 'ಐ ಆಮ್ ಅಫ್ರೇಡ್ ದಟ್ ದಿ ಡಾಕ್ಟರ್ ಈಸ್ ಔಟ್' ಎಂದವಳಿಗೆ ಯಾವ ಭಯವೂ ಇಲ್ಲ. 'ಡಾಕ್ಟರು ಇಲ್ಲಮ್ಮ' ಎನ್ನುವುದನ್ನು ಆಕೆ ಮೆತ್ತಗೆ ಹೇಳಿದಳು, ಅಷ್ಟೇ.

ನಮ್ಮ ಕನ್ನಡದಲ್ಲಿ ಈ ಕೆಲಸ ಹೇಗೆ ನಡೆಯುತ್ತದೆ ನೋಡಿ. 'ನೀವು ಬಂದದ್ದು ಸಂತೋಷ' ಎನ್ನುತ್ತೇವೆ. 'ನೀವು ಬರುತ್ತೀರಿ ಅಂತ ಖಾತ್ರಿಯಿತ್ತು' ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ 'ದಟ್'. ನಮ್ಮಲ್ಲಿ ನಡೆದುಹೋದ ಸಂಗತಿಗೆ 'ಬಂದದ್ದು', 'ಹೇಳಿದ್ದು' ಎಂಬ ರೂಪ. ಮನಸ್ಸಿನಲ್ಲಿ ಅಂದುಕೊಂಡದ್ದಕ್ಕೆ 'ಎಂದು', 'ಅಂತ'. ಈ 'ಎಂದು', 'ಅಂತ' ಹುಟ್ಟಿರುವುದೇ ಎನ್ನು, ಅನ್ನು ಎಂಬ ಕ್ರಿಯಾಪದದಿಂದ. ಅಂದಮೇಲೆ ಅನ್ನುವವರೊಬ್ಬರು ಇರಲೇಬೇಕು. ಇಂಗ್ಲಿಷಿನ 'ದಟ್' ಮೂಲದಲ್ಲಿ ಬೆರಳು ಮಾಡಿ 'ಅದು' ಎಂದು ತೋರಿಸುವ ಪದ. ಬೆರಳು ಸಂಗತಿಯನ್ನು ತೋರಿಸುತ್ತದೆ, ಅಂದವರನ್ನು ತೋರಿಸುವುದಿಲ್ಲ.

ಈ ವ್ಯತ್ಯಾಸವನ್ನು ಪಂಡಿತರೂ ಗಮನಿಸಿದ್ದಾರೆ. ಪಾಲ್ ಕಿಪಾರ್ಸ್ಕಿ ಮತ್ತು ಕೆರೊಲ್ ಕಿಪಾರ್ಸ್ಕಿ 1970ರಲ್ಲಿ 'ಫ್ಯಾಕ್ಟ್' ಎಂಬ ಲೇಖನ ಪ್ರಕಟಿಸಿದರು. ಕೆಲವು ಗುಣವಾಚಕಗಳು ತಮ್ಮ ಮುಂದಿನ ಸಂಗತಿ ನಿಜವೆಂದು ಮೊದಲೇ ಒಪ್ಪಿಕೊಂಡು ಮಾತು ಆರಂಭಿಸುತ್ತವೆ. ಆಡ್, ಟ್ರ್ಯಾಜಿಕ್, ಸ್ಟ್ರೇಂಜ್ ಆ ಜಾತಿಯವು. ಟ್ರೂ, ಪಾಸಿಬಲ್, ಲೈಕ್ಲಿ ಹಾಗಲ್ಲ. ಮೊದಲ ಜಾತಿಯ ತಮಾಷೆಯೆಂದರೆ, ವಾಕ್ಯಕ್ಕೆ 'ನಾಟ್' ಸೇರಿಸಿದರೂ ಗಂಟು ಅಲ್ಲಾಡುವುದಿಲ್ಲ. 'ಅವಳು ಅತ್ತದ್ದು ವಿಚಿತ್ರ' ಎಂದರೂ ಅವಳು ಅತ್ತಳು. 'ಅವಳು ಅತ್ತದ್ದು ವಿಚಿತ್ರವಲ್ಲ' ಎಂದರೂ ಅವಳು ಅತ್ತಳು!

ಇದೇನು ವ್ಯಾಕರಣದ ಹರಟೆ ಎನ್ನಬೇಡಿ. ನೆರೆಮನೆಯ ಸೊಸೆಯೊಬ್ಬಳು ಮಧ್ಯಾಹ್ನದ ಹೊತ್ತು ನನ್ನಲ್ಲಿಗೆ ಇಂಗ್ಲಿಷ್ ಹೇಳಿಸಿಕೊಳ್ಳಲು ಬರುತ್ತಿದ್ದಳು. ಒಂದು ದಿನ ಮಗನ ಶಾಲೆಯಿಂದ ಬಂದ ಚೀಟಿ ಹಿಡಿದು ಬಂದಳು. 'ಇಟ್ ಈಸ್ ಅನ್‌ಫಾರ್ಚುನೇಟ್ ದಟ್ ದಿ ಮದರ್ ಹ್ಯಾಸ್ ನೆಗ್ಲೆಕ್ಟೆಡ್ ದಿ ಚೈಲ್ಡ್ಸ್ ಸ್ಟಡೀಸ್' ಎಂದು ಅದರಲ್ಲಿತ್ತು. ಮಗುವಿಗೆ ಕಾಮಾಲೆಯಾಗಿ ಮೂರು ವಾರ ಮಲಗಿತ್ತು. ರಾತ್ರಿಯೆಲ್ಲ ಎದ್ದು ಕೂತವಳು ಇವಳೇ.

"ಅಕ್ಕಾ, ಈ ಅನ್‌ಫಾರ್ಚುನೇಟ್ ಅಂದರೆ ತುಂಬಾ ಕೆಟ್ಟ ಪದವೇ?" ಎಂದು ಕೇಳಿದಳು.

"ಅದನ್ನು ಬಿಡು. ದಟ್ ಆದ ಮೇಲಿನದನ್ನು ಕನ್ನಡದಲ್ಲಿ ಹೇಳು" ಎಂದೆ.

"ತಾಯಿ ಮಗುವಿನ ಓದನ್ನು ಅಲಕ್ಷ್ಯ ಮಾಡಿರುವುದು..." ಎಂದವಳೇ ನಿಲ್ಲಿಸಿದಳು. "ಅಲಕ್ಷ್ಯ ಮಾಡಿದೆ ಅಂತ ಯಾರಂದರು?"

ನೋಡಿ, ಕನ್ನಡದ 'ಅಂತ' ಬಂದ ಕೂಡಲೇ 'ಯಾರಂದರು' ಎಂಬ ಪ್ರಶ್ನೆಯೂ ಬಂತು. ಚೀಟಿಯಲ್ಲಿ ಚರ್ಚೆಗೆ ಇಟ್ಟದ್ದು 'ದುರದೃಷ್ಟಕರ' ಎಂಬುದನ್ನು ಮಾತ್ರ. ಆರೋಪವನ್ನು ಇತ್ಯರ್ಥವಾದ ಸಂಗತಿಯ ಹಾಗೆ ಗಂಟಿನಲ್ಲಿ ಕಟ್ಟಿದ್ದರು. ಇಂಥದಕ್ಕೆ 'ನಾಟ್ ಅನ್‌ಫಾರ್ಚುನೇಟ್' ಎಂದು ಉತ್ತರ ಕೊಟ್ಟರೆ ತಪ್ಪೊಪ್ಪಿಕೊಂಡಂತೆಯೇ. ಗುಣವಾಚಕವನ್ನೇ ಬದಲಾಯಿಸಬೇಕು. ನಾವಿಬ್ಬರೂ ಕೂತು ಬರೆದೆವು: 'ಇಟ್ ಈಸ್ ನಾಟ್ ಟ್ರೂ ದಟ್ ಐ ನೆಗ್ಲೆಕ್ಟೆಡ್ ಹಿಸ್ ಸ್ಟಡೀಸ್. ಹಿ ವಾಸ್ ಇಲ್.' ಜೊತೆಗೆ ಡಾಕ್ಟರ ಚೀಟಿ ಇಟ್ಟಳು.

ಶಾಲೆಯಿಂದ ಮರು ಉತ್ತರವೂ ಬಂತು. 'ವಿ ಆರ್ ಸಾರಿ ದಟ್ ಯು ಫೆಲ್ಟ್ ಹರ್ಟ್.' ಅವಳಿಗೆ ಸಮಾಧಾನವಾಯಿತು, ನನಗಾಗಲಿಲ್ಲ. ಈ ಗಂಟಿನಲ್ಲೇನಿದೆ? 'ನಿನಗೆ ನೋವಾಯಿತು' ಎಂಬುದಿದೆ. 'ನಾವು ಸುಳ್ಳು ಬರೆದೆವು' ಎಂಬುದಿಲ್ಲ. ನೋವು ನಿನ್ನದು, ನಿನ್ನ ಮನಸ್ಸು ಮೆತ್ತಗೆ, ಅದಕ್ಕೆ ನಮಗೆ ವಿಷಾದ! ಕ್ಷಮೆ ಕೇಳಿದ ಹಾಗೂ ಆಯಿತು, ತಪ್ಪು ಮಾಡಲಿಲ್ಲ ಎಂದ ಹಾಗೂ ಆಯಿತು. ಸಾರಿ ಎಂಬ ಪದ ಕಿವಿಗೆ ಬಿದ್ದೊಡನೆ ಕರಗುವ ನಾವು, ಅದು ಯಾತಕ್ಕೆ ಸಾರಿ ಎಂದು ನೋಡಿಕೊಂಡು ಆಮೇಲೆ ಕರಗುವುದು ಲೇಸು.

ಇನ್ನೊಂದು ಪದವಿದೆ, ಇದಕ್ಕಿಂತ ಜಾಣ: 'ಶುಡ್'. 'ಇಟ್ ಈಸ್ ಸ್ಟ್ರೇಂಜ್ ದಟ್ ಶಿ ಶುಡ್ ಸೇ ಸೋ' ಎಂದರೆ ಅವಳು ಹಾಗೆ ಹೇಳುವುದು ವಿಚಿತ್ರ ಎಂದಷ್ಟೇ ಅರ್ಥ. 'ಹೇಳಬೇಕು' ಎಂಬ ಅಪ್ಪಣೆ ಇಲ್ಲ. 'ಇಟ್ ಈಸ್ ಇಂಪಾರ್ಟೆಂಟ್ ದಟ್ ಶಿ ಶುಡ್ ಕಮ್' ಎಂದರೆ ಮಾತ್ರ ಅವಳು ಬರಲೇಬೇಕು. ಗುಣವಾಚಕ ಬದಲಾದರೆ ಅದೇ 'ಶುಡ್' ವರದಿಯಿಂದ ಅಪ್ಪಣೆಗೆ ಜಿಗಿಯುತ್ತದೆ. ಈಗ ಇದನ್ನು ಕೇಳಿ: 'ಇಟ್ ಈಸ್ ನ್ಯಾಚುರಲ್ ದಟ್ ವಿಮೆನ್ ಶುಡ್ ಅಡ್ಜಸ್ಟ್.' ಹೆಂಗಸರು ಹೊಂದಿಕೊಂಡು ಹೋಗುವುದು ಸಹಜ ಎಂಬ ವರದಿಯೇ? ಹೊಂದಿಕೊಂಡು ಹೋಗಬೇಕಾದ್ದೇ ಸಹಜ ಎಂಬ ಅಪ್ಪಣೆಯೇ? ಕೇಳಿದರೆ ವರದಿ, ಒಪ್ಪಿದರೆ ಅಪ್ಪಣೆ. ಹೇಳಿದವರು ಯಾರೆಂದರೆ ಯಾರೂ ಇಲ್ಲ, ಬರೀ ಒಂದು 'ಇಟ್'!

ಇಂಗ್ಲಿಷನ್ನು ದೂರುವುದು ನನ್ನ ಉದ್ದೇಶವಲ್ಲ. 'ಸಹಜವಾಗಿಯೇ', 'ಖೇದಕರ ಸಂಗತಿಯೆಂದರೆ' ಎಂದು ಶುರುಮಾಡಿ ಗಂಟು ದಾಟಿಸುವ ಕಲೆಯನ್ನು ಕನ್ನಡದ ಭಾಷಣಕಾರರೂ ಚೆನ್ನಾಗಿ ಬಲ್ಲರು. ನಾನು ಹೇಳುವುದಿಷ್ಟೇ. ಭಾಷೆ ಕಲಿಯುವುದೆಂದರೆ ಅದರಲ್ಲಿ ಉತ್ತರ ಕೊಡಲು ಕಲಿಯುವುದು. ಅಂಗಡಿಯಲ್ಲಿ ತರಕಾರಿ ಆರಿಸುವಾಗ ಮೇಲಿನದನ್ನು ಸರಿಸಿ ಕೆಳಗಿನದನ್ನು ಒತ್ತಿ ನೋಡುವ ಕೈ ನಮ್ಮದು. ಗುಣವಾಚಕವನ್ನು ಹಾಗೆಯೇ ಪಕ್ಕಕ್ಕೆ ಸರಿಸಿ, ದಟ್‌ನ ಆಚೆಗಿರುವುದನ್ನು ಒಮ್ಮೆ ಒತ್ತಿ ನೋಡಿ. ಅದು ವಿಚಿತ್ರವೋ, ಸಹಜವೋ, ದುರದೃಷ್ಟಕರವೋ ಆಮೇಲೆ ಮಾತಾಡೋಣ. ನಡೆದದ್ದು ಹೌದೋ ಅಲ್ಲವೋ, ಅಂದವರು ಯಾರು, ಅದು ಮೊದಲು ತಿಳಿಯಲಿ.