ಉಳಿದ ಒಂದು ವರ್ಷದ ಲೆಕ್ಕ

ಪಿಯುಸಿ ರಿಸಲ್ಟ್ ಬಂತೆಂದರೆ ಊರಿಂದ ಫೋನ್ ಶುರು. ಬೆಂಗಳೂರಲ್ಲಿ ಕೆಲಸದಲ್ಲಿರುವವರಿಗೆ ಎಲ್ಲಾ ಗೊತ್ತಿರುತ್ತೆ ಅನ್ನೋ ನಂಬಿಕೆ. "ಇಂಟಿಗ್ರೇಟೆಡ್ ಕೋರ್ಸ್ ಅಂತೆ ಕಣಪ್ಪ, ಎರಡು ಡಿಗ್ರಿ ಒಟ್ಟಿಗೇ ಸಿಗುತ್ತಂತೆ, ಒಂದು ವರ್ಷ ಉಳಿಯುತ್ತಂತೆ. ಸೇರಿಸಬಹುದಾ?" ನಾವೂ ಮೀಟಿಂಗ್ ಮಧ್ಯೆ "ಒಳ್ಳೇದೇ, ಸೇರಿಸಿ" ಅಂದುಬಿಡ್ತೀವಿ.

ಉಳಿತಾಯ ಸುಳ್ಳೇನಲ್ಲ. ಮೂರು ವರ್ಷದ ಡಿಗ್ರಿ, ಮೇಲೆ ಮೂರು ವರ್ಷದ ಎಲ್‌ಎಲ್‌ಬಿ ಅಂದರೆ 6 ವರ್ಷ. ಬಿಎ ಎಲ್‌ಎಲ್‌ಬಿ ಆದರೆ 5. ನಾಲ್ಕು ವರ್ಷದ ಬಿ.ಟೆಕ್, ಎರಡು ವರ್ಷದ ಎಂ.ಟೆಕ್ ಸೇರಿ 6. ಐಐಟಿಗಳ ಡ್ಯುಯಲ್ ಡಿಗ್ರಿ 5. ಸಾಲ ಮಾಡಿ ಓದಿಸುವ ಮನೆಗೆ ಒಂದು ವರ್ಷದ ಫೀಸು, ಹಾಸ್ಟೆಲ್ ಖರ್ಚು ಉಳಿಯೋದು, ಸಂಬಳ ಒಂದು ವರ್ಷ ಮೊದಲೇ ಬರೋದು ಸಣ್ಣ ಮಾತಲ್ಲ.

ಆದರೆ 'ಇಂಟಿಗ್ರೇಟೆಡ್' ಅಂದಿದ್ದೆಲ್ಲ ಉಳಿತಾಯವಲ್ಲ. ಐದು ವರ್ಷದ ಎಂಎಸ್ಸಿ ತಗೊಳ್ಳಿ. ಮೂರು ವರ್ಷದ ಬಿಎಸ್ಸಿಗೆ ಎರಡು ವರ್ಷದ ಎಂಎಸ್ಸಿ ಕೂಡಿಸಿದರೂ ಐದೇ! ಅಲ್ಲಿ ಉಳಿಯೋದು ಇನ್ನೊಂದು ಅಡ್ಮಿಷನ್‌ನ ಓಡಾಟ ಮಾತ್ರ.

ನಿಜವಾಗಿ ವರ್ಷ ಉಳಿಯುವ ಕಡೆಯೂ ಒಂದು ಬೆಲೆ ಇದೆ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ 1988ರಲ್ಲಿ ಐದು ವರ್ಷದ ಕೋರ್ಸ್ ಶುರು ಮಾಡಿ ದೇಶದ ಕಾನೂನು ಶಿಕ್ಷಣದ ದಿಕ್ಕನ್ನೇ ಬದಲಿಸಿತು. ಒಪ್ಪೋಣ. ಆದರೆ ಬಾರ್ ಕೌನ್ಸಿಲ್‌ನ 2008ರ ನಿಯಮದ ಪ್ರಕಾರ ಇಂಥ ಕೋರ್ಸನ್ನು ಒಡೆದು ನಡುವೆ ಬರೀ ಬಿಎ ಕೊಟ್ಟು ಕಳಿಸುವಂತಿಲ್ಲ. ಮೂರು ವರ್ಷ ಓದಿದ ಮೇಲೆ 'ನನಗೆ ಕಾನೂನು ಬೇಡ, ಇತಿಹಾಸ ಬೇಕು' ಅನ್ನಿಸಿದ ಹುಡುಗಿ ಹೊರಗೆ ಬಂದರೆ ಕೈಯಲ್ಲಿ ಉಳಿಯೋದು ಪಿಯುಸಿ ಮಾರ್ಕ್ಸ್ ಕಾರ್ಡ್. ಹಾಗಾಗಿ ಬಹಳ ಮಂದಿ ಹೊರಗೆ ಬರೋದೇ ಇಲ್ಲ, ಹಲ್ಲು ಕಚ್ಚಿ ಮುಗಿಸ್ತಾರೆ.

ಬೇರೆ ದಾರಿ ಇದೆ, ಅದೂ ಇದೇ ಊರಲ್ಲಿ. ಐಐಎಸ್‌ಸಿ 2011ರಲ್ಲಿ ಆರಂಭಿಸಿದ ಪದವಿ ನಾಲ್ಕು ವರ್ಷದ್ದು. ಅದು ಮುಗಿದ ಮೇಲೆ ಬೇಕಾದವರು ಐದನೇ ವರ್ಷ ಉಳಿದು ಮಾಸ್ಟರ್ಸ್ ಪಡೀಬಹುದು, ಬೇಡದವರು ಪದವಿ ಹಿಡಿದು ಹೊರಡಬಹುದು. ಇಲ್ಲೂ ಐದೇ ವರ್ಷ. ವ್ಯತ್ಯಾಸ ಇಷ್ಟೇ: ಮಾಸ್ಟರ್ಸ್ ಬೇಕೋ ಬೇಡವೋ ಅನ್ನೋ ತೀರ್ಮಾನವನ್ನು 17ರಲ್ಲಿ ಮಾಡಬೇಕಿಲ್ಲ, 21ರಲ್ಲಿ ಮಾಡಿದರೆ ಸಾಕು.

ಆ ನಾಲ್ಕು ವರ್ಷದಲ್ಲೇ ಅಲ್ವಾ ನಮ್ಮಲ್ಲಿ ಅರ್ಧ ಜನ ಬೇರೆಯವರಾಗಿದ್ದು? ನಮ್ಮ ರಾಜ್ಯವನ್ನೇ ನೋಡಿ. 2021ರಲ್ಲಿ ನಾಲ್ಕು ವರ್ಷದ ಆನರ್ಸ್ ತಂದೆವು, 2024ರಲ್ಲಿ ಮತ್ತೆ ಮೂರು ವರ್ಷದ ಡಿಗ್ರಿಗೇ ಮರಳಿದೆವು. ಇಡೀ ವ್ಯವಸ್ಥೆಗೇ ಮೂರು ವರ್ಷ ಒಂದು ಮಾತಿಗೆ ನಿಲ್ಲೋಕೆ ಆಗಲಿಲ್ಲ. ಆದರೆ ಮೀಸೆ ಮೂಡದ ಹುಡುಗನಿಗೆ ಐದು ವರ್ಷ ಮನಸ್ಸು ಬದಲಿಸಬೇಡ ಅಂತೀವಿ.

ಈ ಕಟ್ಟು ಹೆಚ್ಚು ಬಿಗಿಯೋದು ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರಿಗೆ. ಮನಸ್ಸು ಬದಲಾದರೆ ಮತ್ತೆ ಮೊದಲಿಂದ ಓದಿಸೋಕೆ ಉಳ್ಳವರ ಮನೆಯಲ್ಲಿ ದುಡ್ಡಿರುತ್ತೆ. ಇವರಿಗೆ ಸಿಗೋದು ಒಂದೇ ಅವಕಾಶ.

ಹಾಗಂತ ಇಂಟಿಗ್ರೇಟೆಡ್ ಬೇಡ ಅಂತಲ್ಲ. ಆದರೆ ಬ್ರೋಷರ್‌ನಲ್ಲಿ ದಪ್ಪ ಅಕ್ಷರದಲ್ಲಿರೋದು ಒಳಗೆ ಹೋಗುವ ದಿನಾಂಕ ಮಾತ್ರ. ಫೀಸು ಕಟ್ಟುವ ಮುಂಚೆ ಕೌಂಟರ್‌ನಲ್ಲಿ ಒಂದು ಪ್ರಶ್ನೆ ಕೇಳಿಸಿ: "ಮೂರನೇ ವರ್ಷಕ್ಕೆ ಬಿಟ್ಟರೆ ಯಾವ ಸರ್ಟಿಫಿಕೇಟ್ ಕೊಡ್ತೀರಿ?" ಉತ್ತರವನ್ನು ಬಾಯಿಮಾತಲ್ಲಿ ಅಲ್ಲ, ಬರೆದು ಕೊಡಲಿ.